4.8 ಮೀಟರ್‌ನ ಲೆಕ್ಕ

ಜಪಾನಿನ ಈಶಾನ್ಯ ಕರಾವಳಿಯಲ್ಲಿರುವ ಒನಗಾವ ಅಣು ವಿದ್ಯುತ್ ಸ್ಥಾವರದ ನೆಲ ಕಡಲ ಮಟ್ಟದಿಂದ 14.8 ಮೀಟರ್ ಎತ್ತರದಲ್ಲಿದೆ. ಅದೇ ಕರಾವಳಿಯ ದಕ್ಷಿಣಕ್ಕೆ ಫುಕುಶಿಮಾ ದಾಯಿಚಿ ಸ್ಥಾವರವಿದೆ. ಅದರ 1ರಿಂದ 4ನೇ ಘಟಕಗಳನ್ನು ಕಟ್ಟಿದ ನೆಲದ ಎತ್ತರ 10 ಮೀಟರ್. ಎರಡರ ನಡುವಿನ ವ್ಯತ್ಯಾಸ 4.8 ಮೀಟರ್, ಅಂದರೆ ಒಂದೂವರೆ ಮಹಡಿಯಷ್ಟು. 2011ರ ಮಾರ್ಚ್ 11ರಂದು ಎರಡನ್ನೂ ಅಲುಗಾಡಿಸಿದ್ದು ಒಂದೇ ಭೂಕಂಪ, ಎರಡರ ಮೇಲೂ ಏರಿಬಂದದ್ದು ಒಂದೇ ಸುನಾಮಿ. ಆಮೇಲೆ ಫುಕುಶಿಮಾದಲ್ಲಿ ಆದ ಅಣು ಅಪಘಾತದ ಒಟ್ಟು ಖರ್ಚನ್ನು ಜಪಾನ್ ಸರ್ಕಾರ 2023ರ ಡಿಸೆಂಬರ್‌ನಲ್ಲಿ 23.4 ಲಕ್ಷ ಕೋಟಿ ಯೆನ್ ಎಂದು ಅಂದಾಜಿಸಿತು. ಒನಗಾವದ 2ನೇ ಘಟಕ 2024ರ ಅಕ್ಟೋಬರ್ 29ರಂದು ಮತ್ತೆ ಚಾಲನೆಗೊಂಡಿತು.

ಯೆನ್ ದರ ಏರಿಳಿಯುವುದರಿಂದ ಈ ಬರಹದ ಉದ್ದಕ್ಕೂ 1 ಯೆನ್‌ಗೆ 60 ಪೈಸೆ ಎಂದು ಹಿಡಿದಿದೆ. ಆ ದರದಲ್ಲಿ 23.4 ಲಕ್ಷ ಕೋಟಿ ಯೆನ್ ಎಂದರೆ 14.04 ಲಕ್ಷ ಕೋಟಿ ರೂಪಾಯಿ. ಕರ್ನಾಟಕ ಸರ್ಕಾರದ 2025–26ರ ಬಜೆಟ್ ಗಾತ್ರ 4.09 ಲಕ್ಷ ಕೋಟಿ ರೂಪಾಯಿ. ಒಂದೇ ಸ್ಥಾವರದ ಅಪಘಾತ ನಮ್ಮ ರಾಜ್ಯದ 3.4 ವರ್ಷಗಳ ಬಜೆಟ್‌ನಷ್ಟು ಹಣ ಕೇಳುತ್ತಿದೆ.

ಭೂಕಂಪದಿಂದ ಸ್ಥಾವರ ಕುಸಿದು ವಿಕಿರಣ ಹೊರಬಂತು ಎಂಬ ಚಿತ್ರ ಅನೇಕರ ಮನಸ್ಸಿನಲ್ಲಿದೆ. ಅಂಕಿಗಳು ಬೇರೆಯದನ್ನು ಹೇಳುತ್ತವೆ. ನೆಲದ ಅಲುಗಾಟವನ್ನು ಎಂಜಿನಿಯರುಗಳು ‘ಗ್ಯಾಲ್’ ಎಂಬ ಮಾನದಲ್ಲಿ ಅಳೆಯುತ್ತಾರೆ. ವೇಗ ಪ್ರತಿ ಸೆಕೆಂಡಿನಲ್ಲೂ ಸೆಕೆಂಡಿಗೆ 1 ಸೆಂಟಿಮೀಟರ್‌ನಂತೆ ಬದಲಾದರೆ ಅದು 1 ಗ್ಯಾಲ್. ಭೂಮಿಯ ಗುರುತ್ವ ಸುಮಾರು 980 ಗ್ಯಾಲ್. ಸ್ಥಾವರ ಎಷ್ಟು ಗ್ಯಾಲ್ ತಡೆಯಬೇಕು ಎಂದು ನಿಗದಿ ಮಾಡುವ ಅಂಕಿಗೆ ವಿನ್ಯಾಸ ಮಿತಿ ಎನ್ನೋಣ. 2011ರಲ್ಲಿ ಫುಕುಶಿಮಾ 2ನೇ ಘಟಕದ ತಳದಲ್ಲಿ ದಾಖಲಾದದ್ದು 550 ಗ್ಯಾಲ್, ವಿನ್ಯಾಸ ಮಿತಿ 438. ಮೀರಿದ ಪ್ರಮಾಣ ಶೇ 26.

ಇದರ ಪಕ್ಕದಲ್ಲಿ ಇಡಬೇಕಾದ ಅಂಕಿ 4 ವರ್ಷ ಹಿಂದಿನದು. 2007ರ ಜುಲೈ 16ರಂದು ಜಪಾನಿನ ನಿಗಾಟ ಕರಾವಳಿಯಾಚೆಯ ಕಡಲಲ್ಲಿ ಭೂಕಂಪವಾಯಿತು. 7 ಘಟಕಗಳ, 8,212 ಮೆಗಾವ್ಯಾಟ್ ಸಾಮರ್ಥ್ಯದ ಕಾಶಿವಾಜಾಕಿ-ಕರಿವಾ ಸ್ಥಾವರ ಅದರ ಸಮೀಪದಲ್ಲೇ ಇತ್ತು. ಅಲ್ಲಿನ 1ನೇ ಘಟಕದ ವಿನ್ಯಾಸ ಮಿತಿ 273 ಗ್ಯಾಲ್, ದಾಖಲಾದದ್ದು 680. ಎರಡೂವರೆ ಪಟ್ಟು. ಒಂದು ಟ್ರಾನ್ಸ್‌ಫಾರ್ಮರ್‌ಗೆ ಬೆಂಕಿ ಹತ್ತಿತು, ಅಲ್ಪ ಪ್ರಮಾಣದ ವಿಕಿರಣಯುಕ್ತ ನೀರು ಕಡಲು ಸೇರಿತು. ಆದರೆ ಚಾಲನೆಯಲ್ಲಿದ್ದ ರಿಯಾಕ್ಟರ್‌ಗಳೆಲ್ಲ ತಾವಾಗಿ ನಿಂತವು, ಇಂಧನ ಕರಗಲಿಲ್ಲ.

ಮಿತಿಯನ್ನು ಎರಡೂವರೆ ಪಟ್ಟು ಮೀರಿದ ಕಡೆ ಇಂಧನ ಉಳಿಯಿತು, ಶೇ 26ರಷ್ಟು ಮೀರಿದ ಕಡೆ 3 ರಿಯಾಕ್ಟರ್‌ಗಳ ಇಂಧನ ಕರಗಿತು. ಹಾಗಾದರೆ ಗ್ಯಾಲ್ ಅಂಕಿಯೊಂದೇ ಈ ಅಪಘಾತವನ್ನು ವಿವರಿಸದು. 1ನೇ ಘಟಕದ ಸಣ್ಣ ಕೊಳವೆಗಳಿಗೆ ಭೂಕಂಪದಿಂದಲೇ ಪೆಟ್ಟಾಗಿರಬಹುದೆಂಬ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದು ಜಪಾನ್ ಸಂಸತ್ತಿನ ತನಿಖಾ ಆಯೋಗ 2012ರಲ್ಲಿ ಹೇಳಿದ್ದುಂಟು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ವರದಿ ಮಾತ್ರ ಮುಖ್ಯ ಸುರಕ್ಷಾ ವ್ಯವಸ್ಥೆಗಳನ್ನು ಅಲುಗಾಟ ಕೆಡಿಸಿದ್ದಕ್ಕೆ ಕುರುಹು ಕಂಡಿಲ್ಲ. ಕೆಡಿಸಿದ್ದು ನೀರು.

2011ರಲ್ಲಿ ಭೂಕಂಪವಾದದ್ದು ಮಧ್ಯಾಹ್ನ 2.46ಕ್ಕೆ. ಸ್ಥಾವರಕ್ಕೆ ಬರುವ ಹೊರಗಿನ ವಿದ್ಯುತ್ ಪೂರ್ತಿ ಕಡಿದುಹೋಯಿತು. ಡೀಸೆಲ್ ಜನರೇಟರ್‌ಗಳು ಚಾಲೂ ಆದವು. ಸುಮಾರು 50 ನಿಮಿಷದ ನಂತರ ಬಂದ ದೊಡ್ಡ ಅಲೆಯ ನೀರು 14ರಿಂದ 15 ಮೀಟರ್‌ವರೆಗೆ ಏರಿ 10 ಮೀಟರ್ ನೆಲವನ್ನು ಮುಳುಗಿಸಿತು. 6 ಘಟಕಗಳಿಗೆ ಸೇರಿ ಇದ್ದ ಜನರೇಟರ್‌ಗಳು 13. ಆಮೇಲೆ ಕೆಲಸ ಮಾಡುತ್ತ ಉಳಿದದ್ದು 1, ಎತ್ತರದ ನೆಲದಲ್ಲಿದ್ದ 6ನೇ ಘಟಕದ್ದು. ಅದು ಗಾಳಿಯಿಂದ ತಣಿಯುವ ಯಂತ್ರವಾದ್ದರಿಂದ ಕಡಲ ನೀರಿನ ಪಂಪ್ ಬೇಕಿರಲಿಲ್ಲ. ಅದರ ನೆರವಿನಿಂದ 5 ಮತ್ತು 6ನೇ ಘಟಕಗಳು ಉಳಿದುಕೊಂಡವು.

ನಿಂತ ರಿಯಾಕ್ಟರ್‌ಗೆ ವಿದ್ಯುತ್ ಏಕೆ ಬೇಕು? ಯುರೇನಿಯಂ ಸೀಳಿದಾಗ ಹುಟ್ಟಿದ ವಸ್ತುಗಳು ಕ್ಷಯಿಸುತ್ತ ಶಾಖ ಕೊಡುತ್ತಲೇ ಇರುತ್ತವೆ. ಇದು ಉಳಿಕೆ ಶಾಖ. ನಿಲ್ಲಿಸಿದ ಒಂದು ಗಂಟೆಯ ಬಳಿಕ ಅದು ಪೂರ್ಣ ಶಾಖದ ಶೇ 1.5ರ ಆಸುಪಾಸಿನಲ್ಲಿರುತ್ತದೆ, ಒಂದು ದಿನದ ಬಳಿಕ ಶೇ 0.5ರಷ್ಟು. 784 ಮೆಗಾವ್ಯಾಟ್ ವಿದ್ಯುತ್ ಕೊಡುವ 2ನೇ ಘಟಕದ ಶಾಖ ಸಾಮರ್ಥ್ಯ 2,381 ಮೆಗಾವ್ಯಾಟ್. ಅದರ ಶೇ 1.5 ಎಂದರೆ ಸುಮಾರು 36 ಮೆಗಾವ್ಯಾಟ್, ಗಂಟೆಗೆ ಸುಮಾರು 50 ಟನ್ ನೀರನ್ನು ಆವಿ ಮಾಡುವಷ್ಟು. ಬೆಂಗಳೂರಿನ ಬೀದಿಗಳಲ್ಲಿ ಓಡಾಡುವ 12,000 ಲೀಟರ್‌ನ ಟ್ಯಾಂಕರ್ ಲೆಕ್ಕದಲ್ಲಿ ಗಂಟೆಗೆ 4 ಟ್ಯಾಂಕರ್. ಇಷ್ಟು ನೀರನ್ನು ಬಿಡದೆ ಒಳಗೆ ದಬ್ಬಲು ವಿದ್ಯುತ್ ಬೇಕು. ಅದು ಇರಲಿಲ್ಲ.

ಇನ್ನು ಒನಗಾವ. ಭೂಕಂಪದ ಕೇಂದ್ರಕ್ಕೆ ಅದು ಫುಕುಶಿಮಾಕ್ಕಿಂತ ಸುಮಾರು 60 ಕಿಲೋಮೀಟರ್ ಹತ್ತಿರ. ಅಲ್ಲಿ ದಾಖಲಾದ ಅಲುಗಾಟ 607 ಗ್ಯಾಲ್, ಫುಕುಶಿಮಾಕ್ಕಿಂತ ಶೇ 10ರಷ್ಟು ಹೆಚ್ಚು. ಬಂದ ಅಲೆಯ ಎತ್ತರ ಸುಮಾರು 13 ಮೀಟರ್. ಭೂಕಂಪದಿಂದ ನೆಲವೇ 1 ಮೀಟರ್‌ನಷ್ಟು ಕುಸಿದು 14.8 ಇದ್ದದ್ದು 13.8 ಆಯಿತು. ಉಳಿದ ಅಂತರ 80 ಸೆಂಟಿಮೀಟರ್. ಹೊರಗಿನಿಂದ ಬರುವ 5 ವಿದ್ಯುತ್ ಮಾರ್ಗಗಳಲ್ಲಿ 1 ಕಡಿಯದೆ ಉಳಿಯಿತು. 1ನೇ ಘಟಕದಲ್ಲಿ ಬೆಂಕಿ ಕಾಣಿಸಿತು, 2ನೇ ಘಟಕದ ನೆಲಮಾಳಿಗೆಗೆ ನೀರು ನುಗ್ಗಿತು. ಆದರೂ 3 ರಿಯಾಕ್ಟರ್‌ಗಳು ತಣ್ಣಗಾದವು. ಸುಮಾರು 10,000 ಜನರಿದ್ದ ಒನಗಾವ ಪಟ್ಟಣ ಆ ದಿನ 800ಕ್ಕೂ ಹೆಚ್ಚು ಮಂದಿಯನ್ನು ಕಳೆದುಕೊಂಡಿತು. ಮನೆ ಹೋದವರಲ್ಲಿ 364 ಮಂದಿಯವರೆಗೆ ಸ್ಥಾವರದ ವ್ಯಾಯಾಮ ಶಾಲೆಯಲ್ಲಿ ಆಶ್ರಯ ಪಡೆದರು. ಸುಮಾರು 3 ತಿಂಗಳು ಅಲ್ಲೇ ಇದ್ದರು. ನನ್ನ ಮಟ್ಟಿಗೆ ಈ ಲೆಕ್ಕದಲ್ಲೆಲ್ಲ ಮರೆಯಲಾಗದ ಅಂಕಿ ಈ 364.

4.8 ಮೀಟರ್ ಎಲ್ಲಿಂದ ಬಂತು? 1960ರ ದಶಕದಲ್ಲಿ ಎರಡೂ ಕಂಪನಿಗಳ ಕೈಯಲ್ಲಿದ್ದ ಅಂದಾಜು ಹೆಚ್ಚುಕಡಿಮೆ ಒಂದೇ. ಫುಕುಶಿಮಾ ಕಟ್ಟಿದ ಟೋಕಿಯೊ ಎಲೆಕ್ಟ್ರಿಕ್ ಕಂಪನಿ (ಮುಂದೆ ಟೆಪ್ಕೊ) 1960ರ ಚಿಲಿ ಭೂಕಂಪದ ಸುನಾಮಿಯನ್ನು ಆಧರಿಸಿ 3.1 ಮೀಟರ್ ಎಂದಿತು. ಒನಗಾವ ಕಟ್ಟಿದ ತೊಹೊಕು ಎಲೆಕ್ಟ್ರಿಕ್ ಹಳೆಯ ದಾಖಲೆಗಳನ್ನು ನೋಡಿ ಸುಮಾರು 3 ಮೀಟರ್ ಎಂದಿತು. ನಿರ್ಧಾರಗಳು ಮಾತ್ರ ಎದುರುಬದುರು. ಫುಕುಶಿಮಾದ ಜಾಗ ಮೂಲದಲ್ಲಿ 35 ಮೀಟರ್ ಎತ್ತರದ ದಿಬ್ಬ. ಗಟ್ಟಿ ಬಂಡೆಯ ಮೇಲೆ ಅಡಿಪಾಯ ಇಡಲು ಮತ್ತು ಕಡಲ ನೀರನ್ನು ಮೇಲೆತ್ತುವ ಖರ್ಚು ಉಳಿಸಲು ಅದನ್ನು 25 ಮೀಟರ್ ಕಡಿದು 10ಕ್ಕೆ ತಂದರು. ಒನಗಾವದಲ್ಲಿ 12 ಮೀಟರ್ ಸಾಕೆಂದವರಿದ್ದರು. ಕಂಪನಿಯ ಮಾಜಿ ಉಪಾಧ್ಯಕ್ಷ ಯನೊಸುಕೆ ಹಿರಾಯಿ ಕ್ರಿ.ಶ. 869ರ ಜೋಗಾನ್ ಸುನಾಮಿಯನ್ನು ಮುಂದಿಟ್ಟು 14.8 ಮೀಟರ್ ಬೇಕೆಂದು ಪಟ್ಟು ಹಿಡಿದರು. 12ಕ್ಕೇ ಒಪ್ಪಿದ್ದರೆ ನೆಲ ಕುಸಿದ ಮೇಲೆ ಉಳಿಯುತ್ತಿದ್ದದ್ದು 11 ಮೀಟರ್, ಅಲೆ 13. ಹಿರಾಯಿ 1986ರಲ್ಲಿ ತೀರಿಕೊಂಡರು. ತಮ್ಮ ಅಂಕಿ ಸರಿಯಾದದ್ದನ್ನು ನೋಡಲು ಅವರು ಇರಲಿಲ್ಲ.

ಅಂದಾಜು ತಿದ್ದಿಕೊಂಡ ವೇಗವೂ ಬೇರೆಬೇರೆ. ತೊಹೊಕು 1987ರಲ್ಲಿ ತನ್ನ ಅಂದಾಜನ್ನು 9.1 ಮೀಟರ್‌ಗೆ, 2002ರಲ್ಲಿ 13.6 ಮೀಟರ್‌ಗೆ ಏರಿಸಿತು. ಟೆಪ್ಕೊ 2002ರಲ್ಲಿ 5.7 ಮೀಟರ್, 2009ರಲ್ಲಿ 6.1 ಮೀಟರ್ ಎಂದಿತು. ನಡುವೆ 2008ರಲ್ಲಿ ಟೆಪ್ಕೊದ ಒಳಗೇ ನಡೆದ ಲೆಕ್ಕವೊಂದು ಗರಿಷ್ಠ 15.7 ಮೀಟರ್ ಎಂದು ತೋರಿಸಿತ್ತು. ಕಡಲಲ್ಲಿ ತಡೆಗೋಡೆ ಕಟ್ಟಲು ಕೆಲವು ಸಾವಿರ ಕೋಟಿ ಯೆನ್ ಮತ್ತು ಸುಮಾರು 4 ವರ್ಷ ಬೇಕೆಂಬ ಮಾಹಿತಿ ಅದೇ ವರ್ಷದ ಜುಲೈನಲ್ಲಿ ಹಿರಿಯ ಅಧಿಕಾರಿಗಳ ಮುಂದೆ ಬಂತು. ಲೆಕ್ಕವನ್ನು ಇನ್ನಷ್ಟು ಪರಿಶೀಲಿಸಲು ಹೊರಗಿನ ತಜ್ಞರಿಗೆ ಕೊಡುವುದೆಂದು ತೀರ್ಮಾನವಾಯಿತು.

ಆ ಗೋಡೆಯ ಖರ್ಚನ್ನು ಧಾರಾಳವಾಗಿ 10,000 ಕೋಟಿ ಯೆನ್ ಎಂದೇ ಹಿಡಿದರೂ ಇಂದಿನ ಬಿಲ್ಲಿನ ಶೇ 0.43 ಮಾತ್ರ. ನ್ಯಾಯವಾಗಿ ಇನ್ನೊಂದು ಅಂಕಿಯನ್ನೂ ಸೇರಿಸಬೇಕು. 2008ರ ಜುಲೈನಲ್ಲೇ ಕೆಲಸ ಶುರುವಾಗಿದ್ದರೂ ಗೋಡೆ 2012ರ ಮಧ್ಯಕ್ಕೆ ಮುಗಿಯುತ್ತಿತ್ತು, ಅಲೆ 2011ರ ಮಾರ್ಚ್‌ನಲ್ಲೇ ಬಂತು. ಆದರೆ ಜನರೇಟರ್ ಮತ್ತು ಸ್ವಿಚ್‌ಬೋರ್ಡ್ ಕೋಣೆಗಳಿಗೆ ನೀರು ನುಗ್ಗದ ಬಾಗಿಲು ಹಾಕುವುದು, ಒಂದೆರಡು ಜನರೇಟರ್‌ಗಳನ್ನು ದಿಬ್ಬದ ಮೇಲೆ ಇಡುವುದು 4 ವರ್ಷದ ಕೆಲಸವಲ್ಲ. ಈ ವಿಚಾರ ನ್ಯಾಯಾಲಯಕ್ಕೂ ಹೋಯಿತು. ಟೋಕಿಯೊ ಜಿಲ್ಲಾ ನ್ಯಾಯಾಲಯ 2022ರ ಜುಲೈನಲ್ಲಿ ಟೆಪ್ಕೊದ 4 ಮಂದಿ ಮಾಜಿ ಅಧಿಕಾರಿಗಳು ಕಂಪನಿಗೆ 13.32 ಲಕ್ಷ ಕೋಟಿ ಯೆನ್ ತುಂಬಿಕೊಡಬೇಕೆಂದು ಆದೇಶಿಸಿತು. 2025ರ ಜೂನ್‌ನಲ್ಲಿ ಉಚ್ಚ ನ್ಯಾಯಾಲಯ ಅದನ್ನು ರದ್ದು ಮಾಡಿತು.

23.4 ಲಕ್ಷ ಕೋಟಿ ಯೆನ್ ಒಂದೇ ಸಲ ಮೂಡಿದ ಅಂಕಿಯಲ್ಲ. 2013ರ ಅಂದಾಜು 11 ಲಕ್ಷ ಕೋಟಿ. 2016ರಲ್ಲಿ ಅದು 21.5 ಲಕ್ಷ ಕೋಟಿಗೆ, ಅಂದರೆ ಶೇ 95ರಷ್ಟು ಏರಿತು. 2023ರಲ್ಲಿ ಮತ್ತೆ ಶೇ 9ರಷ್ಟು. ಈಗಿನ ಮೊತ್ತದಲ್ಲಿ ಸಂತ್ರಸ್ತರ ಪರಿಹಾರ 9.2 ಲಕ್ಷ ಕೋಟಿ (ಶೇ 39), ಸ್ಥಾವರ ಕಳಚುವುದು 8 ಲಕ್ಷ ಕೋಟಿ (ಶೇ 34), ಮಲಿನ ಮಣ್ಣು ತೆಗೆಯುವುದು 4 ಲಕ್ಷ ಕೋಟಿ (ಶೇ 17), ಆ ಮಣ್ಣನ್ನು ತಾತ್ಕಾಲಿಕವಾಗಿ ಇರಿಸುವುದು 2.2 ಲಕ್ಷ ಕೋಟಿ (ಶೇ 9). ಸ್ಥಾವರದ ಒಟ್ಟು ಸಾಮರ್ಥ್ಯ 4,696 ಮೆಗಾವ್ಯಾಟ್ ಇತ್ತು. ಮೆಗಾವ್ಯಾಟ್‌ಗೆ ಹಂಚಿದರೆ ಅಪಘಾತದ ಖರ್ಚು 299 ಕೋಟಿ ರೂಪಾಯಿ.

ಕಳಚುವ ಕೆಲಸದ 8 ಲಕ್ಷ ಕೋಟಿ ಯೆನ್ 2016ರಿಂದ ಬದಲಾಗಿಲ್ಲ. ಅದು ಹಾಗೇ ಉಳಿಯುತ್ತದೆ ಎಂದು ನಂಬುವುದು ನನಗೆ ಕಷ್ಟ. ಕಾರಣ ಎರಡು ತೂಕಗಳು. 3 ರಿಯಾಕ್ಟರ್‌ಗಳಲ್ಲಿ ಕರಗಿ ಗಟ್ಟಿಯಾದ ಇಂಧನ ಮತ್ತು ಲೋಹದ ಮುದ್ದೆ ಅಂದಾಜು 880 ಟನ್. ಅದರಲ್ಲಿ 2024ರ ನವೆಂಬರ್‌ನಲ್ಲಿ ಮೊದಲ ಬಾರಿಗೆ ಹೊರತೆಗೆದದ್ದು 0.7 ಗ್ರಾಂ, 2025ರ ಏಪ್ರಿಲ್‌ನಲ್ಲಿ ಎರಡನೇ ಬಾರಿ 0.2 ಗ್ರಾಂ. ಇವು ಪರೀಕ್ಷೆಗೆಂದು ತೆಗೆದ ಮಾದರಿಗಳು, ಆದ್ದರಿಂದ ವೇಗದ ಅಳತೆ ಅಲ್ಲ. ವೇಗವನ್ನು ಹೇಳುವುದು ಇನ್ನೊಂದು ಅಂಕಿ. ಕೆಲಸ ಮುಗಿಸುವ ಅಧಿಕೃತ ಗಡುವು 2051. ದೊಡ್ಡ ಪ್ರಮಾಣದ ತೆಗೆಯುವಿಕೆ 2037ಕ್ಕಿಂತ ಮೊದಲು ಶುರುವಾಗದು ಎಂದು ಟೆಪ್ಕೊ 2025ರ ಜುಲೈನಲ್ಲಿ ತಿಳಿಸಿತು. ಉಳಿಯುವ 14 ವರ್ಷಕ್ಕೆ 880 ಟನ್ ಹಂಚಿದರೆ ವರ್ಷಕ್ಕೆ 63 ಟನ್, ದಿನಕ್ಕೆ 172 ಕಿಲೋಗ್ರಾಂ. ಮನುಷ್ಯ ಹತ್ತಿರ ಹೋಗಲಾಗದ ಜಾಗದಲ್ಲಿ, ಯಂತ್ರದ ಕೈಯಿಂದ, ಒಂದು ದಿನವೂ ಬಿಡುವಿಲ್ಲದೆ.

ನೀರಿನ ಲೆಕ್ಕ ಇದಕ್ಕಿಂತ ಆಶಾದಾಯಕ. ಕಟ್ಟಡಗಳೊಳಗೆ ಅಂತರ್ಜಲ ಮತ್ತು ಮಳೆ ಸೇರಿ ಹುಟ್ಟುವ ಮಲಿನ ನೀರು 2014ರಲ್ಲಿ ದಿನಕ್ಕೆ 540 ಟನ್ ಇತ್ತು. 2023ರ ಹೊತ್ತಿಗೆ 80 ಟನ್‌ಗೆ ಇಳಿಯಿತು, ಶೇ 85ರ ಇಳಿಕೆ. ಶುದ್ಧೀಕರಿಸಿದ ನೀರನ್ನು 2023ರ ಆಗಸ್ಟ್ 24ರಿಂದ ಕಡಲಿಗೆ ಬಿಡಲಾಗುತ್ತಿದೆ, ಒಂದು ಸುತ್ತಿಗೆ 7,800 ಟನ್. ಅದರಲ್ಲಿ ಉಳಿಯುವ ಟ್ರಿಟಿಯಂ (ಜಲಜನಕದ ವಿಕಿರಣಶೀಲ ರೂಪ) ಲೀಟರಿಗೆ 1,500 ಬೆಕೆರೆಲ್‌ಗಿಂತ ಕಡಿಮೆ ಇರುವಂತೆ ಕಡಲ ನೀರು ಬೆರೆಸುತ್ತಾರೆ. ಬೆಕೆರೆಲ್ ಎಂದರೆ ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸುವುದು. ಜಪಾನಿನ ನಿಯಂತ್ರಣ ಮಿತಿ 60,000. ಸ್ಥಾವರ ತನಗೆ ಹಾಕಿಕೊಂಡ ಮಿತಿ ಅದರ 40ರಲ್ಲಿ ಒಂದು ಪಾಲು.

ಜನರ ಲೆಕ್ಕ ಬೇರೆಯೇ ಬಗೆಯದು. ಫುಕುಶಿಮಾ ಪ್ರಾಂತ್ಯದಿಂದ ಮನೆ ಬಿಟ್ಟವರ ಸಂಖ್ಯೆ 2012ರ ಮೇ ತಿಂಗಳಲ್ಲಿ 1,64,865ಕ್ಕೆ ಮುಟ್ಟಿತ್ತು. ಪ್ರಾಂತ್ಯದಲ್ಲಿ ಭೂಕಂಪ ಮತ್ತು ಸುನಾಮಿಯಿಂದ ನೇರವಾಗಿ ಸತ್ತವರು 1,600ಕ್ಕೂ ಹೆಚ್ಚು. ಸ್ಥಳಾಂತರದ ಬಳಲಿಕೆ, ಚಿಕಿತ್ಸೆ ತಪ್ಪಿದ್ದು, ಊರು ಕಳೆದುಕೊಂಡ ಕೊರಗು ಇವುಗಳಿಂದ ಸತ್ತವರೆಂದು ಸರ್ಕಾರ ಒಪ್ಪಿಕೊಂಡವರು 2,300ಕ್ಕೂ ಹೆಚ್ಚು. ನಿವಾಸಿಗಳಲ್ಲಿ ವಿಕಿರಣದಿಂದಲೇ ಆದ ಆರೋಗ್ಯ ಹಾನಿ ದಾಖಲಾಗಿಲ್ಲ ಎಂದು ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿ ಹೇಳಿದೆ. ಹೀಗೆ ಅಣು ಅಪಘಾತದ ಲೆಕ್ಕಕ್ಕೆ ಸೇರುವ ಸಾವುಗಳು ಆ ಎರಡನೇ ಸಾಲಿನ 2,300. ಆಸ್ಪತ್ರೆ ಹಾಸಿಗೆಯಿಂದ ಎಬ್ಬಿಸಿ ಬಸ್ಸು ಹತ್ತಿಸಿದ ಮುದುಕರು ಇದರಲ್ಲಿದ್ದಾರೆ. ಅಣು ಸುರಕ್ಷತೆಯ ಚರ್ಚೆಯಲ್ಲಿ ಎರಡೂ ಪಕ್ಷದವರು ಈ ಸಾಲನ್ನು ಬೇಗ ದಾಟಿಹೋಗುತ್ತಾರೆ. ಒಬ್ಬರಿಗೆ ಅದು ವಿಕಿರಣದ ಸಾವು ಅಲ್ಲ, ಇನ್ನೊಬ್ಬರಿಗೆ ಅದು ಸಾಕಷ್ಟು ಭಯ ಹುಟ್ಟಿಸುವುದಿಲ್ಲ. ಸ್ಥಳಾಂತರ ಯೋಜನೆ ಕಾಂಕ್ರೀಟ್‌ನಷ್ಟೇ ಗಟ್ಟಿಯಾಗಿರಬೇಕೆಂದು ಹೇಳುವ ಅಂಕಿ ಇದು.

ಅಪಘಾತ ಆಗದ ಸ್ಥಾವರಗಳೂ ಬೆಲೆ ತೆತ್ತವು. 2011ಕ್ಕೆ ಮೊದಲು ಜಪಾನಿನಲ್ಲಿ 54 ರಿಯಾಕ್ಟರ್‌ಗಳಿದ್ದವು, ದೇಶದ ವಿದ್ಯುತ್ತಿನ ಸುಮಾರು ಕಾಲು ಭಾಗ ಅವುಗಳದು. 2014–15ರಲ್ಲಿ ಅಣು ವಿದ್ಯುತ್ತಿನ ಪಾಲು ಸೊನ್ನೆ, 2023–24ರಲ್ಲಿ ಶೇ 8.5. ಕೊರತೆ ತುಂಬಲು ಕೊಂಡ ಹೆಚ್ಚುವರಿ ಅನಿಲ ಮತ್ತು ತೈಲದ ಖರ್ಚು 2013–14ರ ಒಂದೇ ವರ್ಷ 3.6 ಲಕ್ಷ ಕೋಟಿ ಯೆನ್ ಎಂದು ಸರ್ಕಾರ ಲೆಕ್ಕ ಹಾಕಿತು. 2007ರಲ್ಲಿ ಇಂಧನ ಕರಗದೆ ನಿಂತಿದ್ದ ಕಾಶಿವಾಜಾಕಿ ಕೂಡ ಆ ಆರ್ಥಿಕ ವರ್ಷ ಟೆಪ್ಕೊವನ್ನು 15,010 ಕೋಟಿ ಯೆನ್ ನಷ್ಟಕ್ಕೆ ತಳ್ಳಿತ್ತು. 28 ವರ್ಷಗಳಲ್ಲಿ ಅದು ಕಂಪನಿಯ ಮೊದಲ ನಷ್ಟ.

ಈಗ ಒನಗಾವದ ಖರ್ಚಿನ ಪಟ್ಟಿ. 2ನೇ ಘಟಕದ ವಿನ್ಯಾಸ ಮಿತಿಯನ್ನು 580ರಿಂದ 1,000 ಗ್ಯಾಲ್‌ಗೆ ಏರಿಸಿದರು. ಕಡಲ ಬದಿಗೆ 800 ಮೀಟರ್ ಉದ್ದದ ಗೋಡೆ ಕಟ್ಟಿದರು, ಅದರ ನೆತ್ತಿ ಕಡಲ ಮಟ್ಟದಿಂದ 29 ಮೀಟರ್. ಸುರಕ್ಷಾ ಕಾಮಗಾರಿಯ ಖರ್ಚು ಸುಮಾರು 57,000 ಕೋಟಿ ಯೆನ್, 34,200 ಕೋಟಿ ರೂಪಾಯಿ. ಘಟಕದ ಸಾಮರ್ಥ್ಯ 825 ಮೆಗಾವ್ಯಾಟ್, ಹಾಗಾಗಿ ಮೆಗಾವ್ಯಾಟ್‌ಗೆ 41 ಕೋಟಿ ರೂಪಾಯಿ. ಘಟಕ 13 ವರ್ಷ 7 ತಿಂಗಳು ನಿಂತಿತ್ತು. ಸಾಮರ್ಥ್ಯದ ಶೇ 75ರಲ್ಲಿ ಓಡುತ್ತಿತ್ತು ಎಂದುಕೊಂಡರೆ ಕಳೆದುಹೋದ ವಿದ್ಯುತ್ ಸುಮಾರು 7,400 ಕೋಟಿ ಯೂನಿಟ್.

ಹೋಲಿಕೆಗೆ ಭಾರತದ ಒಂದು ಅಂಕಿ. 2017ರಲ್ಲಿ ಕೇಂದ್ರ ಸಂಪುಟ ತಲಾ 700 ಮೆಗಾವ್ಯಾಟ್‌ನ 10 ರಿಯಾಕ್ಟರ್‌ಗಳಿಗೆ 1.05 ಲಕ್ಷ ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಮೆಗಾವ್ಯಾಟ್‌ಗೆ 15 ಕೋಟಿ. ಇವುಗಳಲ್ಲಿ ಎರಡು ನಮ್ಮ ಉತ್ತರ ಕನ್ನಡದ ಕೈಗಾಕ್ಕೆ ಬರುವ 5 ಮತ್ತು 6ನೇ ಘಟಕಗಳು. ಎರಡು ದೇಶಗಳ ಕೂಲಿ ಮತ್ತು ಬೆಲೆಮಟ್ಟ ಬೇರೆ, 2017ರ ಅಂದಾಜು ಇಂದಿನದೂ ಅಲ್ಲ. ಅದನ್ನೆಲ್ಲ ಬಿಟ್ಟುಕೊಟ್ಟರೂ ಹೊಸದನ್ನು ಕಟ್ಟುವುದಕ್ಕಿಂತ ಹಳೆಯದನ್ನು ಗಟ್ಟಿ ಮಾಡುವುದು 2.8 ಪಟ್ಟು ದುಬಾರಿಯಾಗಿ ಕಾಣುತ್ತದೆ. ಸುರಕ್ಷತೆಯನ್ನು ನಕ್ಷೆಯ ಹಂತದಲ್ಲಿ ಕೊಳ್ಳಬೇಕು ಎಂದು ಎಂಜಿನಿಯರುಗಳು ಹೇಳುವುದು ಇದೇ ಕಾರಣಕ್ಕೆ.

ಭಾರತಕ್ಕೂ ನೀರಿನ ಅನುಭವ ಇದೆ. 2004ರ ಡಿಸೆಂಬರ್ 26ರ ಸುನಾಮಿ ಕಲ್ಪಾಕ್ಕಂನ ಕಡಲ ನೀರಿನ ಪಂಪ್‌ಹೌಸಿಗೆ ನುಗ್ಗಿತು. ಚಾಲನೆಯಲ್ಲಿದ್ದ 2ನೇ ಘಟಕ ಸುರಕ್ಷಿತವಾಗಿ ನಿಂತು, 2005ರ ಜನವರಿ 2ರಂದು, ಒಂದು ವಾರದಲ್ಲಿ, ಮತ್ತೆ ಶುರುವಾಯಿತು. ಮುಖ್ಯ ಕಟ್ಟಡಗಳ ನೆಲ ಎತ್ತರದಲ್ಲಿತ್ತು. ಕೈಗಾಕ್ಕೆ ಸುನಾಮಿಯ ಭಯವಿಲ್ಲ. ಅದು ಒಳನಾಡಿನಲ್ಲಿ, ಕಾಳಿ ನದಿಯ ಕದ್ರಾ ಜಲಾಶಯದ ದಡದಲ್ಲಿದೆ, ಭೂಕಂಪ ವಲಯ 3ರಲ್ಲಿದೆ. ಆದರೆ ಅದೇ ನದಿಯ ಮೇಲ್ಭಾಗದಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಇದೆ. ಒಳನಾಡಿನ ಸ್ಥಾವರಗಳಿಗೆ ಮೇಲಿನ ಅಣೆಕಟ್ಟು ಒಡೆದರೆ ಬರುವ ನೀರನ್ನೂ ಲೆಕ್ಕಕ್ಕೆ ಹಿಡಿಯುವುದು ಇಲ್ಲಿನ ನಿಯಮ. ಕೈಗಾದ 1ನೇ ಘಟಕ 2018ರ ಡಿಸೆಂಬರ್ 31ಕ್ಕೆ 962 ದಿನ ನಿಲ್ಲದೆ ಓಡಿ ದಾಖಲೆ ಮಾಡಿದ್ದು ನಮಗೆಲ್ಲ ಹೆಮ್ಮೆ. ಆ ಸ್ಥಾವರದ ನೆಲದ ಎತ್ತರ ಎಷ್ಟು, ಅಣೆಕಟ್ಟು ಒಡೆದರೆ ನೀರು ಎಲ್ಲಿಗೆ ಬರಬಹುದು ಎಂಬ ಅಂಕಿಗಳೂ ಕಾರವಾರದ ಪ್ರತಿ ಮನೆಗೆ ಅಷ್ಟೇ ಪರಿಚಿತವಾಗಿರಬೇಕು.

ಅಪಘಾತವಾದರೆ ಯಾರು ಎಷ್ಟು ಕೊಡಬೇಕು ಎಂಬ ಅಂಕಿಯೂ ಇದೆ. 2010ರ ಕಾಯ್ದೆ ಸ್ಥಾವರ ನಡೆಸುವವರ ಹೊಣೆಗೆ ಹಾಕಿದ್ದ ಮಿತಿ 1,500 ಕೋಟಿ ರೂಪಾಯಿ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆಯಲ್ಲಿ ಅತಿ ದೊಡ್ಡ ರಿಯಾಕ್ಟರ್‌ಗಳಿಗೆ ಅದು 3,000 ಕೋಟಿ. ಫುಕುಶಿಮಾದ ಪರಿಹಾರದ ಬಾಬ್ತು ಮಾತ್ರವೇ ನಮ್ಮ ರೂಪಾಯಿಯಲ್ಲಿ 5.52 ಲಕ್ಷ ಕೋಟಿ. 3,000 ಕೋಟಿ ಎಂದರೆ ಅದರ ಶೇ 0.54. ಉಳಿದ ಶೇ 99ಕ್ಕೂ ಹೆಚ್ಚಿನ ಹೊರೆ ಸರ್ಕಾರದ, ಅಂದರೆ ತೆರಿಗೆ ಕಟ್ಟುವವರ ಹೆಗಲಿಗೆ ಬರುತ್ತದೆ, ಇಲ್ಲವೇ ಸಂತ್ರಸ್ತರ ಹೆಗಲಲ್ಲೇ ಉಳಿಯುತ್ತದೆ.

2025ರಲ್ಲಿ ದೇಶದ ಅಣು ವಿದ್ಯುತ್ ಸಾಮರ್ಥ್ಯ 8,780 ಮೆಗಾವ್ಯಾಟ್. 2047ರ ಗುರಿ 1,00,000. ಅಲ್ಲಿಂದ 22 ವರ್ಷಗಳಲ್ಲಿ 91,220 ಮೆಗಾವ್ಯಾಟ್ ಸೇರಬೇಕು, ವರ್ಷಕ್ಕೆ ಸರಾಸರಿ 4,146. ಇಂಗಾಲ ಉಗುಳದ ವಿದ್ಯುತ್ ನಮಗೆ ಬೇಕು, ಹಾಗಾಗಿ ಈ ಗುರಿಯನ್ನು ನಾನು ವಿರೋಧಿಸುವುದಿಲ್ಲ. ಕೇಳುವುದು ಇಷ್ಟೇ: ಪ್ರತಿ ಹೊಸ ಜಾಗದ ಮಂಜೂರಾತಿ ಪತ್ರದಲ್ಲಿ ರೂಪಾಯಿ ಮತ್ತು ಮೆಗಾವ್ಯಾಟ್ ಪಕ್ಕದಲ್ಲಿ ಇನ್ನೂ ನಾಲ್ಕು ಅಂಕಿಗಳನ್ನು ಅಚ್ಚು ಹಾಕಿ ಆ ಊರಿನ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಲಿ. ವಿನ್ಯಾಸ ಮಿತಿ ಎಷ್ಟು ಗ್ಯಾಲ್, ಎಣಿಸಿದ ಗರಿಷ್ಠ ನೀರಿನ ಮಟ್ಟ ಎಷ್ಟು ಮೀಟರ್, ಸ್ಥಾವರದ ನೆಲ ಎಷ್ಟು ಮೀಟರ್, ಜನರೇಟರ್ ಇಟ್ಟ ನೆಲ ಎಷ್ಟು ಮೀಟರ್.